ಮಕ್ಕಳು ದೊಡ್ಡವರಾಗುವ ತನಕ ಹೆಣಿಗೆ ಕಡ್ಡಿ, ಪುಸ್ತಕ ಎತ್ತಿಡಬೇಕೆ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಸಕಲೇಶಪುರದ ಹತ್ತಿರ ಇದ್ದೇವೆ. ಮಗನಿಗೆ ಆರು, ಮಗಳಿಗೆ ಒಂದೂವರೆ. ಮಧ್ಯಾಹ್ನದ ತನಕ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಯಜಮಾನರು ಬ್ಯಾಂಕಿನಲ್ಲಿದ್ದಾರೆ, ಮನೆಯಲ್ಲಿ ಅತ್ತೆಯವರೂ ಇದ್ದಾರೆ. ಮದುವೆಗೆ ಮುಂಚೆ ತಿಂಗಳಿಗೆ ಮೂರು ಕಾದಂಬರಿ ಓದುತ್ತಿದ್ದೆ. ಮಳೆಗಾಲ ಬಂತೆಂದರೆ ಒಂದು ಸ್ವೆಟರ್ ಹೆಣೆದು ಮುಗಿಸುತ್ತಿದ್ದೆ. ಮಗಳು ಹೊಟ್ಟೆಯಲ್ಲಿದ್ದಾಗ ಮಗನಿಗೆಂದು ಶುರು ಮಾಡಿದ ನೀಲಿ ಸ್ವೆಟರ್ ಇನ್ನೂ ಹಾಗೇ ಇದೆ. ಬೆನ್ನು ಮುಗಿದಿದೆ, ಎದೆಭಾಗ ಅರ್ಧಕ್ಕೆ ನಿಂತಿದೆ. ಒಂದು ಕಾದಂಬರಿಯ 86ನೇ ಪುಟದಲ್ಲಿ ನಾಲ್ಕು ತಿಂಗಳಿಂದ ಇದ್ದೇನೆ, ಅದೇ ಪುಟ ಎಷ್ಟು ಸಲ ಓದಿದೆನೋ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹತ್ತೂವರೆಗೆ ಕೂತರೆ ಬಲಗೈ ಹೆಬ್ಬೆರಳ ಬುಡ ನೋಯುತ್ತದೆ. ಸಂಜೆ ಕೂತರೆ ಅತ್ತೆಯವರು, "ದೀಪ ಹಚ್ಚೋ ಹೊತ್ತಲ್ಲಿ ಸೂಜಿ, ಕಡ್ಡಿ ಹಿಡೀಬಾರ್ದು ಕಣಮ್ಮ, ಮಕ್ಕಳಿರೋ ಮನೆ" ಅನ್ನುತ್ತಾರೆ. ಹೋದ ವಾರ ಮಗ ಆಟವಾಡುತ್ತಾ ಕಡ್ಡಿ ಎಳೆದುಬಿಟ್ಟ, ಕುಣಿಕೆಗಳೆಲ್ಲ ಜಾರಿದವು. ಅವನಿಗೆ ಹೊಡೆದೆ. ಆಮೇಲೆ ಅವನ ಜೊತೆ ನಾನೂ ಅತ್ತುಬಿಟ್ಟೆ. ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಡಲೇ? ನನ್ನ ಏಕಾಗ್ರತೆಯೇ ಹೋಗಿಬಿಟ್ಟಿದೆಯೇ? ಇಷ್ಟು ಚಿಕ್ಕ ಮಕ್ಕಳಿರುವಾಗ ನನಗೇ ಅಂತ ಸ್ವಲ್ಪ ಹೊತ್ತು ಬೇಕು ಅನ್ನುವುದು ಸ್ವಾರ್ಥವೇ?

ಉತ್ತರ: ಸ್ವಾರ್ಥವಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕೈ, ಮನಸ್ಸು, ದಿನಚರಿ ಮೂರನ್ನೂ ಒಟ್ಟಿಗೆ ನೋಡುವ ವೃತ್ತಿ ಇದು. ನಿಮ್ಮ ಪತ್ರದಲ್ಲಿ ಮೂರೂ ಇವೆ. ಕೈಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಮುಂದಕ್ಕೆ ಹಾಕುವಂತಿಲ್ಲ.

ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆ ದಪ್ಪವಾಗಿ ಊದಿಕೊಂಡರೆ ಪ್ರತಿ ಚಲನೆಗೂ ತಿಕ್ಕಾಟ, ನೋವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೆನ್ ಹೆಸರೇ ಈ ತೊಂದರೆಗೂ ಇದೆ. ಇದು ಎಳೆ ಮಕ್ಕಳ ತಾಯಂದಿರಲ್ಲಿ ಬಹಳ ಸಾಮಾನ್ಯ. ನನ್ನ ಬಳಿ ಬರುವ ತಾಯಂದಿರು ಹೆಚ್ಚಾಗಿ ಹೆಣಿಗೆಯನ್ನೋ ಮೊಬೈಲನ್ನೋ ದೂರುತ್ತಾರೆ, ಮಗುವನ್ನು ಯಾರೂ ದೂರುವುದಿಲ್ಲ. ಆದರೆ ಲೆಕ್ಕ ಹಾಕಿ. ನೀವು ಹೆಣೆಯುವುದು ವಾರಕ್ಕೆ ಎರಡು ಮೂರು ರಾತ್ರಿ, ಅದೂ ಅರ್ಧ ಗಂಟೆ ಇರಬಹುದು. ಮಗಳನ್ನು ಎತ್ತುವುದು? ಒಂದು ದಿನ ಎಣಿಸಿ ನೋಡಿ. ಒಂದೂವರೆ ವರ್ಷದ ಮಗು ಸುಮಾರು ಹತ್ತು ಕಿಲೋ ಇರುತ್ತದೆ. ಎರಡೂ ಹೆಬ್ಬೆರಳು ಅಗಲಿಸಿ, ಕಂಕುಳಿಗೆ ಕೈ ಹಾಕಿ, ಮಣಿಕಟ್ಟು ಬಗ್ಗಿಸಿ ಎತ್ತಿದಾಗ ಆ ಭಾರವೆಲ್ಲ ಈ ಎರಡು ರಜ್ಜುಗಳ ಮೇಲೆ ಬೀಳುತ್ತದೆ. ಜೊತೆಗೆ ಬಟ್ಟೆ ಹಿಂಡುವುದು, ಕಾಯಿ ತುರಿಯುವುದು. ಹಗಲೆಲ್ಲ ಕೂಡಿಕೊಂಡ ನೋವು ರಾತ್ರಿ ಕಡ್ಡಿ ಹಿಡಿದಾಗ ಎದ್ದು ಕಾಣುತ್ತದೆ, ಅಷ್ಟೇ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ಮುಷ್ಟಿ ಕಟ್ಟಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಗ್ಗಿಸಿ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚುಳುಕ್ಕೆಂದರೆ ಮೂಳೆ ವೈದ್ಯರನ್ನು ಕಾಣಿ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕೆಲವು ವಾರ ಹಾಕಿಕೊಂಡರೆ ಅನೇಕರಿಗೆ ಇಳಿಯುತ್ತದೆ. ಇಳಿಯದಿದ್ದರೆ ಅವರು ಇಂಜೆಕ್ಷನ್ ಸೂಚಿಸಬಹುದು, ಅದಕ್ಕೆ ಹೆದರಬೇಡಿ. ಆದರೆ ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳಬೇಡಿ. ಊದಿರುವ ಜಾಗವನ್ನು ಉಜ್ಜಿದಷ್ಟೂ ಊತ ಹೆಚ್ಚುತ್ತದೆ. ಮಗಳನ್ನು ಎತ್ತುವಾಗ ಒಂದು ಮುಂಗೈಯನ್ನು ಅವಳ ಕುಂಡಿಯ ಕೆಳಗೆ, ಇನ್ನೊಂದನ್ನು ಬೆನ್ನಿಗೆ ಕೊಟ್ಟು, ಬೆರಳುಗಳನ್ನೆಲ್ಲ ಜೋಡಿಸಿಕೊಂಡು, ನಿಮ್ಮ ಮೈಗೆ ಒತ್ತಿ ಎತ್ತಿ. ಈ ಒಂದು ಬದಲಾವಣೆ ಔಷಧಿಯಷ್ಟೇ ಕೆಲಸ ಮಾಡುವುದನ್ನು ನೋಡಿದ್ದೇನೆ. ನೋವಿನ ಬದಲು ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ಅದು ಬೇರೆ ತೊಂದರೆ, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯೂ ಬೇಕಾಗಬಹುದು.

ಇನ್ನು ಅತ್ತೆಯವರ ಮಾತು. ಮುಸ್ಸಂಜೆಯಲ್ಲಿ ಸೂಜಿ ಹಿಡಿದರೆ ಮಕ್ಕಳಿಗೆ ಕೇಡು ಅನ್ನುವುದಕ್ಕೆ ಆಧಾರವಿಲ್ಲ. ಮಂದ ಬೆಳಕಿನಲ್ಲಿ ಹೆಣೆದರೆ, ಓದಿದರೆ ಕಣ್ಣು ಹೋಗುತ್ತದೆ ಅನ್ನುವುದೂ ನಿಜವಲ್ಲ. ಕಣ್ಣು ದಣಿಯುತ್ತದೆ, ತಲೆ ನೋಯಬಹುದು, ಶಾಶ್ವತ ಹಾನಿ ಆಗುವುದಿಲ್ಲ. ಆದರೆ ಎಣ್ಣೆದೀಪದ ಕಾಲದಲ್ಲಿ, ಅಂಬೆಗಾಲಿಡುವ ಮಗು ಇರುವ ಮನೆಯ ನೆಲದ ಮೇಲೆ ಒಂದು ಸೂಜಿ ಬಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಆ ಮಾತು ಹೇಗೆ ಹುಟ್ಟಿರಬಹುದು ಎಂದು ನನಗೆ ಅರ್ಥವಾಗುತ್ತದೆ. ನಿಮ್ಮ ಮನೆಯಲ್ಲೂ ಅಂಥ ಮಗು ಇದೆ. ಅದೂ ಅಲ್ಲದೆ ಸಂಜೆ ಆರರಿಂದ ಏಳೂವರೆ ಮಕ್ಕಳು ಹಸಿದು, ದಣಿದು, ಹಟ ಹಿಡಿಯುವ ಹೊತ್ತು. ಆಗ ಕಡ್ಡಿ ಹಿಡಿದರೆ ನಿಮಗೂ ನೆಮ್ಮದಿ ಇಲ್ಲ. ಈ ಒಂದು ವಿಷಯದಲ್ಲಿ ಅತ್ತೆಯವರೊಂದಿಗೆ ವಾದಕ್ಕೆ ಹೋಗಬೇಡಿ. ಆ ಹೊತ್ತನ್ನು ಬಿಟ್ಟುಕೊಟ್ಟು ಬೇರೆ ಹೊತ್ತನ್ನು ಕೇಳಿ ಪಡೆಯಿರಿ.

ಏಕಾಗ್ರತೆ ಹೋಗಿದೆಯೇ? ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ತಾಯಂದಿರ ವಿಷಯದಲ್ಲಿ ಅದು ಎಲ್ಲೂ ಹೋಗಿರುವುದಿಲ್ಲ, ಚೂರುಚೂರಾಗಿರುತ್ತದೆ. ಎರಡೂ ಒಂದೇ ಅಲ್ಲ. ಓದುವಾಗ ಒಂದು ಕಿವಿ ತೊಟ್ಟಿಲ ಕಡೆ, ಒಂದು ಕಿವಿ ಕುಕ್ಕರಿನ ಕಡೆ ಇರುತ್ತದೆ. "ಅಮ್ಮಾ" ಎಂಬ ಕೂಗಿಗೆ ಎದ್ದು ಹೋಗಿ ಬಂದಾಗ ಕಣ್ಣು ಪುಟಕ್ಕೆ ವಾಪಸು ಬಂದರೂ ಮನಸ್ಸು ತಕ್ಷಣ ಬರುವುದಿಲ್ಲ, ಹಿಂದಿನ ಕೆಲಸದ ಬಾಲ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುತ್ತದೆ. ಅದು ಬರುವಷ್ಟರಲ್ಲಿ ಇನ್ನೊಂದು ಕೂಗು. ಹೀಗೆ 86ನೇ ಪುಟ ಹತ್ತು ಸಲ ಓದಿದ್ದಾಗುತ್ತದೆ. ಇದಕ್ಕೆ ನಿದ್ದೆಗೇಡನ್ನು ಸೇರಿಸಿ. ಹತ್ತೂವರೆಗೆ ಹೆಣೆಯಲು ಕೂತು, ಬೆಳಗ್ಗೆ ಐದೂವರೆಗೆ ಎದ್ದು, ನಡುವೆ ಮಗಳಿಗಾಗಿ ಎರಡು ಸಲ ಏಳುವವರಿಗೆ ಪುಟ ಓಡದಿರುವುದು ರೋಗವಲ್ಲ.

ಆದರೂ ಎರಡು ವಿಷಯ ಪರೀಕ್ಷಿಸಿಕೊಳ್ಳಿ. ಮೊದಲನೆಯದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಎರಡನೆಯದು ಮನಸ್ಸು. ಹೊತ್ತು ಸಿಕ್ಕರೂ ಹೆಣೆಯಬೇಕು, ಓದಬೇಕು ಅನ್ನಿಸುತ್ತಲೇ ಇಲ್ಲ, ಯಾವುದರಲ್ಲೂ ರುಚಿ ಇಲ್ಲ, ಎರಡು ವಾರಕ್ಕೂ ಹೆಚ್ಚು ಕಾಲ ಸುಮ್ಮಸುಮ್ಮನೆ ಅಳು ಬರುತ್ತಿದೆ ಎಂದಾದರೆ ಅದು ಸಮಯದ ಅಭಾವವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, 14416 ಸಂಖ್ಯೆಗೆ ಫೋನ್ ಮಾಡಿದರೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಆಸೆ ಇನ್ನೂ ಜೀವಂತವಾಗಿ ಕಾಣುತ್ತಿದೆ, ಹಾಗಾಗಿ ನನಗೆ ಆ ಭಯ ಕಡಿಮೆ. ಆದರೂ ಹೇಳದೆ ಬಿಡುವುದು ತಪ್ಪಾಗುತ್ತದೆ.

ಈಗ ಮುಖ್ಯ ವಿಷಯ. ಯಾರೂ ಕರೆಯದ ಎರಡು ಗಂಟೆಗಾಗಿ ನೀವು ಕಾಯುತ್ತಿದ್ದೀರಿ. ಇನ್ನು ಮೂರು ನಾಲ್ಕು ವರ್ಷ ಅದು ಸಿಗುವುದಿಲ್ಲ. ಸಿಗುವುದು ಏಳು ನಿಮಿಷ, ಹನ್ನೆರಡು ನಿಮಿಷದ ತುಂಡುಗಳು. ನಿಮ್ಮ ಕೈಯಲ್ಲಿರುವ ಕೆಲಸ ಎರಡು ಗಂಟೆಯ ಅಳತೆಯದು. ತಪ್ಪಿರುವುದು ಅಲ್ಲಿ. ನಮ್ಮ ಅಜ್ಜಿಯರು ಕೌದಿ ಹೊಲಿದದ್ದು ನೆನಪಿಸಿಕೊಳ್ಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರಲ್ಲಿ ಈಗಲೂ ಅದು ನಡೆದಿದೆ. ಹಳೆ ಸೀರೆ, ಪಂಚೆ, ಅಂಗಿಯ ತುಂಡುಗಳನ್ನು ಹರವಿ, ಕೈ ಬಿಡುವಾದಾಗ ಒಂದು ಸಾಲು ಹೊಲಿಗೆ. ಮಗು ಅತ್ತಿತೋ, ಸೂಜಿ ಅಲ್ಲೇ ಚುಚ್ಚಿಟ್ಟು ಏಳು. ಬಂದ ಮೇಲೆ ಎಲ್ಲಿ ಬಿಟ್ಟಿದ್ದೆ ಎಂದು ಲೆಕ್ಕ ಮಾಡಬೇಕಿಲ್ಲ, ಹೊಲಿಗೆಯೇ ಹೇಳುತ್ತದೆ. ಬಿಟ್ಟೇಳಬೇಕಾದವರ ಕೈಯಲ್ಲಿ ಬೆಳೆದ ಕಲೆ ಅದು.

ಹೆಣಿಗೆಯಲ್ಲೂ ಅಂಥದ್ದನ್ನು ಆರಿಸಿಕೊಳ್ಳಿ. ಸದ್ಯಕ್ಕೆ ಜಡೆ ವಿನ್ಯಾಸ, ಎರಡು ಬಣ್ಣದ ಹೂವು, ಎಣಿಸಿ ಎಣಿಸಿ ಹಾಕುವ ಜಾಲರಿ ಬೇಡ. 30 ಕುಣಿಕೆ ಹಾಕಿ, ಎಲ್ಲ ಸಾಲನ್ನೂ ಸೀದಾ ಹೆಣೆಯುತ್ತಾ ಹೋಗಿ. 60 ಸಾಲಿಗೆ ಸರಿಸುಮಾರು ಒಂದು ಚೌಕವಾಗುತ್ತದೆ. ಒಂದು ಸಾಲಿಗೆ ಒಂದೆರಡು ನಿಮಿಷ ಸಾಕು, ಅನ್ನಕ್ಕೆ ಮೂರು ಸೀಟಿ ಆಗುವಷ್ಟರಲ್ಲಿ ನಾಲ್ಕೈದು ಸಾಲು. ಉಳಿದುಬಿದ್ದ ಉಲ್ಲನ್ ಎಲ್ಲ ಇದಕ್ಕೆ ಆಗುತ್ತದೆ. ಚೌಕಗಳನ್ನು ಡಬ್ಬಿಗೆ ಹಾಕುತ್ತಾ ಹೋಗಿ, ಒಂದು ದಿನ ಜೋಡಿಸಿದರೆ ಹೊದಿಕೆ. ಕ್ರೋಶಾ ಬರುತ್ತಿದ್ದರೆ ಇನ್ನೂ ಸುಲಭ. ಕಡ್ಡಿಯ ಮೇಲೆ ಒಂದೇ ಕುಣಿಕೆ ಇರುತ್ತದೆ, ಮಗ ಎಳೆದರೂ ಹೋಗುವುದು ನಾಲ್ಕು ಹೊಲಿಗೆ. ಆದರೆ ಕ್ರೋಶಾ ಹಿಡಿತ ಹೆಬ್ಬೆರಳಿಗೆ ಹೆಚ್ಚು ಒತ್ತಡ ಕೊಡುತ್ತದೆ, ನೋವು ಇಳಿಯುವ ತನಕ ಬೇಡ. ಉದ್ದ ಕಡ್ಡಿಗಳ ಬದಲು ನಡುವೆ ದಾರದಂಥ ಕೊಳವೆ ಇರುವ ಸರ್ಕ್ಯುಲರ್ ಕಡ್ಡಿ ತೆಗೆದುಕೊಂಡರೆ ಹೆಣಿಗೆಯ ಭಾರ ಮಡಿಲಿಗೆ ಬೀಳುತ್ತದೆ, ಮಣಿಕಟ್ಟಿಗಲ್ಲ. ಸ್ಟೀಲಿಗಿಂತ ಬಿದಿರಿನ ಕಡ್ಡಿಯಲ್ಲಿ ಕುಣಿಕೆ ಜಾರುವುದೂ ಕಡಿಮೆ.

ಸಾಲಿನ ನಡುವೆಯೇ ಏಳಬೇಕಾಗಿ ಬಂದರೆ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ. ವಾಪಸು ಬಂದಾಗ ಉಂಡೆಯ ದಾರ ಯಾವ ಕಡ್ಡಿಯ ಕುಣಿಕೆಯಿಂದ ಹೊರಟಿದೆಯೋ ಆ ಕಡ್ಡಿ ಬಲಗೈಗೆ. ಇದನ್ನು ಮರೆತು ತಿರುಗುಮುರುಗು ಹೆಣೆದು, ತೂತು ಬಿದ್ದ ಮೇಲೆ ಬಿಚ್ಚಿದವರು ಎಷ್ಟೋ ಮಂದಿ. ಇನ್ನೊಂದು ಉಪಾಯವನ್ನು ನಾನು ಕಾವಲು ದಾರ ಅನ್ನುತ್ತೇನೆ. ಹತ್ತು ಸಾಲಿಗೊಮ್ಮೆ ದೊಡ್ಡ ಕಣ್ಣಿನ ಸೂಜಿಗೆ ಬೇರೆ ಬಣ್ಣದ ನೂಲು ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗೆ ತೂರಿಸಿ ಬಿಟ್ಟುಬಿಡಿ. ಆಮೇಲೆ ಯಾರು ಕಡ್ಡಿ ಎಳೆದರೂ ಹೆಣಿಗೆ ಬಿಚ್ಚುವುದು ಆ ನೂಲಿನ ತನಕ ಮಾತ್ರ. ಹೋದ ವಾರ ಜಾರಿದ ಕುಣಿಕೆಗಳ ಬಗ್ಗೆಯೂ ಹೆದರಬೇಡಿ. ಉಲ್ಲನ್ ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ, ಎಳೆಯದಿದ್ದರೆ ಓಡುವುದಿಲ್ಲ. ಹೆಬ್ಬೆರಳು ವಾಸಿಯಾದ ಮೇಲೆ ಒಂದು ಸಣ್ಣ ಅಳತೆಯ ಕಡ್ಡಿ ತೆಗೆದುಕೊಂಡು ಹಗಲು ಬೆಳಕಿನಲ್ಲಿ ಒಂದೊಂದೇ ಎತ್ತಿಕೊಳ್ಳಿ.

ಓದಿಗೂ ಇದೇ ಮಾತು. ಕಾದಂಬರಿಯನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟು ಸಣ್ಣಕತೆ, ಪ್ರಬಂಧ, ವಚನ, ಹಳೆಯ ದೀಪಾವಳಿ ವಿಶೇಷಾಂಕ ಎತ್ತಿಕೊಳ್ಳಿ. ಒಂದು ಸಲ ಕೂತರೆ ಒಂದು ಮುಗಿಯುತ್ತದೆ, ಮುಗಿಸಿದ ಸಂತೋಷ ಮುಂದಿನದಕ್ಕೆ ಎಳೆಯುತ್ತದೆ. ಕಾದಂಬರಿಯೇ ಬೇಕು ಅಂದರೆ ಪುಟ ಮಡಚಿ ಏಳಬೇಡಿ, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿಟ್ಟು ಏಳಿ: "ಅವಳು ತವರಿಗೆ ಹೊರಟಿದ್ದಾಳೆ, ಬಸ್ಸು ತಪ್ಪಿದೆ, ಅಣ್ಣನಿಗೆ ಗೊತ್ತಿಲ್ಲ." ಮೂರು ದಿನದ ಮೇಲೆ ಬಂದರೂ ಆ ಚೀಟಿ ನಿಮ್ಮನ್ನು ಕತೆಯೊಳಗೆ ಕೂರಿಸುತ್ತದೆ. ಬರೀ ಪುಟದ ಸಂಖ್ಯೆಗೆ ಆ ಶಕ್ತಿ ಇಲ್ಲ. ನಾಲ್ಕು ತಿಂಗಳಾಗಿರುವ ಈಗಿನ ಪುಸ್ತಕಕ್ಕೆ 86ನೇ ಪುಟದಿಂದ ಹೋರಾಡಬೇಡಿ. ಆ ಅಧ್ಯಾಯದ ಮೊದಲಿಗೆ ಹೋಗಿ, ಇಲ್ಲವೇ ನಿಸ್ಸಂಕೋಚವಾಗಿ ಮುಚ್ಚಿಡಿ.

ಹೆಣೆಯುತ್ತಾ ಕೇಳುವುದು ಇನ್ನೊಂದು ದಾರಿ. ಎಲ್ಲ ಸೀದಾ ಸಾಲು ಹೆಣೆಯುವಾಗ ಕಣ್ಣೂ ಬೇಡ, ಲೆಕ್ಕವೂ ಬೇಡ. ಆಕಾಶವಾಣಿಯ ನಾಟಕವೋ ಫೋನಿನಲ್ಲಿ ಯಾರೋ ಓದಿದ ಕತೆಯೋ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮಗಳು ಎದ್ದಿರುವಾಗ ಮಾತ್ರ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ.

ಮಕ್ಕಳಿಗೆ ಓದಿ ಹೇಳುತ್ತೀರಿ ಅಂದುಕೊಂಡಿದ್ದೇನೆ. ಹುಟ್ಟಿನಿಂದಲೇ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ನಿಮ್ಮ ಪಂಚಾಯಿತಿಯಲ್ಲಿ ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಇದ್ದರೆ ಮಗನ ಹೆಸರಲ್ಲಿ ಸದಸ್ಯತ್ವ ಮಾಡಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅದು ಉಚಿತ. ಆದರೆ ಮಗನಿಗೆ ಮೊಲ, ಆಮೆಯ ಕತೆ ಓದಿದ್ದನ್ನು "ನಾನೂ ಇವತ್ತು ಓದಿದೆ" ಎಂದು ಲೆಕ್ಕಕ್ಕೆ ಹಾಕಿಕೊಳ್ಳಬೇಡಿ. ಅದು ಅವನ ಓದು. ನಿಮ್ಮದು ಬೇರೆಯೇ ಇರಬೇಕು, ಮತ್ತು ನೀವು ನಿಮಗಾಗಿ ಓದುವುದನ್ನು ಅವನು ನೋಡಬೇಕು.

ಮಗನಿಗೆ ಹೊಡೆದದ್ದು. "ಕಡ್ಡಿ ಎಳೆದಾಗ ನನಗೆ ತುಂಬಾ ಬೇಜಾರಾಯ್ತು, ಆದರೆ ಹೊಡೆದದ್ದು ನನ್ನ ತಪ್ಪು" ಎಂದು ಅವನಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಆರು ವರ್ಷದವನಿಗೆ ಅದು ಅರ್ಥವಾಗುತ್ತದೆ. ಆಮೇಲೆ ಅವನ ಕೈಗೂ ಕೆಲಸ ಕೊಡಿ. ಅವನು ಎಳೆದದ್ದು ಕೇಡಿಗಲ್ಲ, ಅಮ್ಮ ಅಷ್ಟು ಮುಳುಗಿರುವ ವಸ್ತು ಏನು ಎಂಬ ಕುತೂಹಲಕ್ಕೆ. 1919ರಲ್ಲಿ ಜರ್ಮನಿಯಲ್ಲಿ ಶುರುವಾದ ವಾಲ್ಡಾರ್ಫ್ ಪದ್ಧತಿಯ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೇ ಹೆಣಿಗೆ ಕಲಿಸುತ್ತಾರೆ. ದಪ್ಪ ಉಲ್ಲನ್ ಕೊಟ್ಟು ಬರೀ ಬೆರಳಲ್ಲಿ ಸರಪಳಿ ಹೆಣೆಯುವುದನ್ನು ತೋರಿಸಿ. ಬರವಣಿಗೆಗೆ ಬೇಕಾದ ಬೆರಳ ಹಿಡಿತವೂ ಅದರಿಂದ ಬಲಿಯುತ್ತದೆ. ಹೆಣೆದ ಸರಪಳಿಯನ್ನು ಕುತ್ತಿಗೆಗೆ ಸುತ್ತಿಕೊಳ್ಳಬಾರದು, ತಂಗಿಗೂ ಸುತ್ತಬಾರದು ಎಂದು ಮೊದಲೇ ಹೇಳಿಬಿಡಿ.

ಮಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒಂದೂವರೆ ವರ್ಷದವಳು ಕಡ್ಡಿ ಹಿಡಿದು ಓಡಿ ಬಿದ್ದರೆ ಕಣ್ಣಿಗೇ ಅಪಾಯ, ಗುಂಡಿಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಆಳವಾದ ಚೀಲ, ಎತ್ತರದ ಮೊಳೆ, ಎದ್ದಾಗಲೆಲ್ಲ ಅದಕ್ಕೇ ನೇತುಹಾಕುವುದು. ಬಂಧುಗಳ ಕೂಸಿಗೆಂದು ಕುಲಾವಿ, ಕೈಗವಸು ಹೆಣೆಯುವುದಾದರೆ ಒಳಬದಿಯ ಸಡಿಲ ಎಳೆಗಳನ್ನು ಹೊಲಿದು ಮುಚ್ಚಿ. ಅಂಥ ಒಂದು ಎಳೆ ಎಳೆಮಗುವಿನ ಬೆರಳಿಗೆ ಸುತ್ತಿ ರಕ್ತ ಓಡಾಟವನ್ನೇ ನಿಲ್ಲಿಸಬಲ್ಲದು. ಕಾರಣ ಗೊತ್ತಾಗದೆ ಮಗು ಅಳುತ್ತಿದ್ದರೆ ಕೈಗವಸು ಬಿಚ್ಚಿ ಬೆರಳು ನೋಡಿ ಎಂದು ಆ ತಾಯಿಗೂ ಹೇಳಿ. ಮಲಗಿಸುವಾಗ ಕುಲಾವಿ ತೆಗೆಯಬೇಕೆಂಬುದನ್ನೂ ಹೇಳಿ. ಮಗುವಿನ ಮೈಯ ಬಿಸಿ ಹೊರಹೋಗಲು ತಲೆ ತೆರೆದಿರಬೇಕು.

ಈ ತುಂಡು ಹೊತ್ತುಗಳ ಜೊತೆಗೆ ವಾರದಲ್ಲಿ ಮೂರು ದಿನ ಅರ್ಧ ಗಂಟೆ ಇಡಿಯಾಗಿ ಬೇಕು. ಅದನ್ನು ನಿದ್ದೆಯಿಂದ ಕದಿಯಬೇಡಿ, ಯಜಮಾನರಿಂದ ಕೇಳಿ ಪಡೆಯಿರಿ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ಮನೆಯವರ ಆರೈಕೆಗೆ 134 ಮತ್ತು 76. ನಿಮ್ಮ ಮನೆಯ ಲೆಕ್ಕ ನನಗೆ ಗೊತ್ತಿಲ್ಲ, ಆದರೆ "ನನಗೆ ಸಮಯ ನಿಭಾಯಿಸಲು ಬರುವುದಿಲ್ಲ" ಎಂದು ನಿಮ್ಮನ್ನೇ ಹಳಿದುಕೊಳ್ಳುವ ಮೊದಲು ಈ ಅಂಕಿಗಳನ್ನು ನೋಡಿ. "ಸ್ವಲ್ಪ ಸಹಾಯ ಮಾಡಿ" ಅಂದರೆ ಕೆಲಸವಾಗುವುದಿಲ್ಲ. "ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಎಂಟೂವರೆಯಿಂದ ಒಂಬತ್ತು, ಇಬ್ಬರನ್ನೂ ಮಲಗಿಸುವುದು ನಿಮ್ಮದು" ಅನ್ನಿ. ಮೊದಲ ವಾರ ಮಗಳು ನಿಮಗಾಗಿ ಅಳುತ್ತಾಳೆ. ನೀವು ಅದೇ ಕೋಣೆಯಲ್ಲಿದ್ದರೆ ಎರಡೇ ನಿಮಿಷಕ್ಕೆ ಎದ್ದು ಹೋಗುತ್ತೀರಿ, ಅದಕ್ಕೇ ಜಗಲಿಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ. ಅಪ್ಪ ಬೇರೆ ಥರ ಮಲಗಿಸುತ್ತಾರೆ, ಹೊದಿಕೆ ಸರಿಯಾಗಿ ಹೊದಿಸುವುದಿಲ್ಲ, ಒಂದು ಕತೆಯ ಬದಲು ಮೂರು ಹೇಳುತ್ತಾರೆ. ತಿದ್ದಲು ಹೋಗಬೇಡಿ. ತಿದ್ದಿದ ದಿನ ಆ ಕೆಲಸ ಮತ್ತೆ ನಿಮ್ಮ ಕೈಗೇ ಬರುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಕೈಗೆ ಫೋನ್ ಕೊಡುವುದನ್ನು ಮಾತ್ರ ಇಬ್ಬರೂ ಕೂತು ಮೊದಲೇ ಬೇಡವೆಂದು ನಿರ್ಧರಿಸಿ.

ಇಷ್ಟೆಲ್ಲ ಓದಿದ ಮೇಲೂ "ಸಾಕಾಗಿದೆ, ಒಂದು ವರ್ಷ ಎತ್ತಿಡುತ್ತೇನೆ" ಅನ್ನಿಸಿದರೆ ಎತ್ತಿಡಿ. ಅದೂ ಸರಿಯಾದ ನಿರ್ಧಾರವೇ, ಸೋಲಲ್ಲ. ಆದರೆ ಅದು ನೀವು ಆರಿಸಿಕೊಂಡದ್ದಾಗಿರಲಿ, ತಾಯಿಯಾದ ತಪ್ಪಿಗೆ ದಂಡದಂತೆ ಬೇಡ. ಎತ್ತಿಡುವಾಗ ನುಸಿಗುಳಿಗೆ ಹಾಕಬೇಡಿ. ಮಕ್ಕಳು ಅದನ್ನು ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡರೆ ವಿಷ, ಕೆಲವು ಮಕ್ಕಳಿಗೆ ಅದರ ವಾಸನೆ ಹಿಡಿದ ಬಟ್ಟೆಯಿಂದಲೇ ರಕ್ತಕಣಗಳು ಒಡೆಯುತ್ತವೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಕವರಿನಲ್ಲಿ ಕಟ್ಟಿ, ಕಡ್ಡಿಯ ಅಳತೆ, ಕುಣಿಕೆಗಳ ಲೆಕ್ಕ, ಎಷ್ಟನೇ ಸಾಲು ಎಂದು ಬರೆದ ಚೀಟಿಯನ್ನು ಅದಕ್ಕೇ ಪಿನ್ ಮಾಡಿ.

ಕಡೆಗೆ ಆ ನೀಲಿ ಸ್ವೆಟರ್. ಹೆಬ್ಬೆರಳು ವಾಸಿಯಾಗುವ ತನಕ ಅದನ್ನು ಮುಟ್ಟಬೇಡಿ. ಆಮೇಲೆ ಒಂದು ಭಾನುವಾರ ಮಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಹೆಣೆದ ಬೆನ್ನಿನ ತುಂಡನ್ನು ಅವನ ಬೆನ್ನಿಗೆ ಹಿಡಿದು ನೋಡಿ. ನಾಲ್ಕು ವರ್ಷದವನ ಅಳತೆಗೆ ಹಾಕಿದ್ದು, ಈಗ ಅವನಿಗೆ ಗಿಡ್ಡವಾಗಿರುತ್ತದೆ ಎಂದೇ ನನ್ನ ಅಂದಾಜು. ಬಿಚ್ಚಬೇಡಿ. ಮಗಳು ಆ ಅಳತೆಗೆ ಬರಲು ಇನ್ನೂ ಎರಡೂವರೆ ವರ್ಷವಿದೆ. ಉಳಿದಿರುವುದು ಅರ್ಧ ಎದೆ, ಎರಡು ತೋಳು.